ಮೆಣಸಿನಕಾಯಿ ಹಿತ್ತಿಲಿಗೆ ಬಂದ ಕಿವಿ ಮಷಿನು

ನನಗೆ ಕಿವಿ ಕೇಳುವುದಿಲ್ಲ ಎಂಬುದನ್ನು ಊರಿಗೆಲ್ಲ ತಿಳಿಸಿದ್ದು ಒಂದು ಎಮ್ಮೆ. ಅದೂ ನಮ್ಮದಲ್ಲ, ಎದುರು ಮನೆಯದು.

ಬ್ಯಾಡಗಿಯಲ್ಲಿ ನಮ್ಮ ಮನೆಯ ಹಿತ್ತಿಲು ದೊಡ್ಡದು. ಒಣ ಮೆಣಸಿನಕಾಯಿ ಪೇಟೆಗೆ ಬರಲು ಸುರುವಾಯಿತೆಂದರೆ ಯುಗಾದಿಯ ತನಕ ಅಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಹಿರಿಯ ಮಗ ದಲಾಲಿ ಅಂಗಡಿ ಇಟ್ಟವನು. ಅವನು ಚೀಲ ಕಳಿಸುತ್ತಿದ್ದ, ಓಣಿಯ ಹೆಂಗಸರು ಬಂದು ಕೂತು ಕಾಯಿಯ ತೊಟ್ಟು ಮುರಿಯುತ್ತಿದ್ದರು, ನಾನು ಅವರ ಮುಂದೆ ಮಣೆ ಹಾಕಿಕೊಂಡು ಕೂಡುತ್ತಿದ್ದೆ. ಯಾರಿಗೆ ಯಾವ ರಾಶಿ, ಯಾರ ಕೈ ಚುರುಕು, ಯಾವ ಕಾಯಿ ಬಿಳಿಚಿದೆ, ಯಾವುದು ಇನ್ನೂ ಹಸಿ ಇದೆ, ಇದನ್ನೆಲ್ಲ ಹೇಳುವವಳು ನಾನು. ನನಗಿಂತ ಮೊದಲು ಆ ಮಣೆಯ ಮೇಲೆ ನಮ್ಮತ್ತೆ ಕೂಡುತ್ತಿದ್ದಳು. ಅವಳಿಗೆ ಏಳಲಾಗದ ದಿನ ನಾನು ಕೂತೆ, ಮತ್ತೆ ಏಳಲಿಲ್ಲ. ಕಲಿತದ್ದು ಮೂರನೇ ಇಯತ್ತೆ. ಅಷ್ಟು ಕಲಿತವಳಿಗೆ ಯಾರೂ ಕುರ್ಚಿ ಹಾಕಿ ಕೂಡಿಸುವುದಿಲ್ಲ. ನನಗೆ ಇದ್ದದ್ದು ಆ ಮಣೆ ಒಂದೇ.

ಕಿವಿ ಯಾವಾಗ ಮಂದವಾಯಿತೋ ನನಗೂ ಗೊತ್ತಿಲ್ಲ. ಹಲ್ಲು ಬಿದ್ದರೆ ಕೈಗೆ ಸಿಗುತ್ತದೆ, ಕೂದಲು ಉದುರಿದರೆ ಬಾಚಣಿಕೆಯಲ್ಲಿ ಕಾಣುತ್ತದೆ. ಕಿವಿ ಹೋಗುವಾಗ ಹೇಳಿ ಹೋಗುವುದಿಲ್ಲ. ಎದುರಿನವರ ತುಟಿ ನೋಡಿ ಮಾತು ತಿಳಿಯುವುದು ನನಗೆ ರೂಢಿಯಾಗಿಬಿಟ್ಟಿತ್ತು, ರೂಢಿಯಾಗಿದೆ ಎಂಬುದೂ ತಿಳಿದಿರಲಿಲ್ಲ. ಆದರೆ ಮೆಣಸಿನಕಾಯಿ ಕೆಲಸದಲ್ಲಿ ಒಂದು ತೊಡಕು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ನಮ್ಮ ಊರವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹೇಳುವವರು ಅಂಗಡಿಯಲ್ಲಿ ಕೂತಿರುತ್ತಾರೆ. ದಿನವಿಡೀ ರಾಶಿಯ ಮುಂದೆ ಕೂತವರನ್ನು ಘಾಟು ಬಿಡುವುದಿಲ್ಲ. ಅದಕ್ಕೇ ಹೆಂಗಸರೆಲ್ಲ ಸೆರಗನ್ನು ಮೂಗು ಬಾಯಿಗೆ ಸುತ್ತಿ ಬಿಗಿದುಕೊಂಡಿರುತ್ತಾರೆ. ಮುಖದಲ್ಲಿ ಕಣ್ಣೆರಡು ಬಿಟ್ಟು ಬೇರೇನೂ ಕಾಣುವುದಿಲ್ಲ. ಮಳೆಗಾಲದಲ್ಲಿ ಚೆನ್ನಾಗಿಯೇ ಮಾತಾಡುತ್ತಿದ್ದ ಓಣಿ ಕಾಯಿ ಬಂದ ಕೂಡಲೇ ನನ್ನ ಪಾಲಿಗೆ ಮೂಕವಾಗುತ್ತಿತ್ತು. ಕೆಲಸದಲ್ಲಿ ಮುಳುಗಿದ್ದಾರೆ, ಸುಮ್ಮನಿದ್ದಾರೆ ಎಂದು ನಾನು ಖುಷಿಪಡುತ್ತಿದ್ದೆ.

ಆ ದಿನ ಹಿತ್ತಿಲ ಬಾಗಿಲು ಯಾರೋ ತೆರೆದಿಟ್ಟಿದ್ದರು. ಎಮ್ಮೆ ಒಳಗೆ ಬಂತು. ನಾನು ಅದಕ್ಕೆ ಬೆನ್ನು ಮಾಡಿ ಕೂತಿದ್ದೆ. ನನ್ನ ಹಿಂದೆ ತೊಟ್ಟು ಮುರಿದು ಆರಿಸಿದ ಕಾಯಿಯ ರಾಶಿ, ಮೇಲೆ ಗೋಣಿತಟ್ಟು ಹೊದಿಸಿತ್ತು. ಬಿಸಿಲಿಗೆ ಕಾದ ಮೆತ್ತನೆಯ ಹಾಸಿಗೆ ಎಂದು ಎಮ್ಮೆಗೆ ಅನ್ನಿಸಿರಬೇಕು, ಅದರ ಮೇಲೆ ಮಲಗಿತು. ಹೆಂಗಸರೆಲ್ಲ ನನ್ನ ಕಡೆ ಕೈ ಬೀಸಿ ಕೂಗಿದರಂತೆ. ನನಗೆ ಕಂಡದ್ದು ಇಷ್ಟೇ: ಎಲ್ಲರ ಕಣ್ಣು ಅರಳಿವೆ, ಸೆರಗುಗಳು ಅಲ್ಲಾಡುತ್ತಿವೆ, ಕೈ ನಿಂತಿದೆ.

"ಮಾತು ಕಡಿಮಿ ಮಾಡ್ರಿ, ಕೈ ನಡೀಲಿ" ಎಂದು ಗದರಿಸಿದೆ.

ಅವರು ಇನ್ನೂ ಕೂಗಿದರು, ನಾನು ಇನ್ನೂ ಗದರಿಸಿದೆ. ಆ ಹೊತ್ತಿಗೆ ಮಗ ಒಳಗೆ ಬಂದ. ಅವನು ನೋಡಿದ್ದು, ಮುಂದೆ ತಾಯಿ ದರ್ಬಾರು ನಡೆಸಿದ್ದಾಳೆ, ಹಿಂದೆ ಎಮ್ಮೆ ಮೆಲುಕು ಹಾಕುತ್ತಿದೆ.

ಸಂಜೆ ಮಗ ನನ್ನ ಎದುರಿಗೇ ಕೂತು, ತುಟಿ ಬಿಡಿಸಿ ಬಿಡಿಸಿ ಹೇಳಿದ. "ಅವ್ವಾ, ನಿನಗ ಕಿವಿ ಕೇಳಂಗಿಲ್ಲ. ಇನ್ನ ನೀ ಒಳಗ ಆರಾಮ ಕುಂದ್ರು. ಹಿತ್ತಲಾ ನಿನ್ನ ಸೊಸಿ ನೋಡ್ಕೊತಾಳ."

"ಎಮ್ಮಿ ಬಂದ್ರ ನನ್ನ ಕಿವೀದೇನ್ ತಪ್ಪ? ಬಾಗಿಲಾ ತಗದಿಟ್ಟಾವ್ರು ಯಾರು?"

"ಬಾಗಿಲಾ ತಗದಿಟ್ಟಾವ ನಾನ. ಅದಲ್ಲ ಈಗ ಮಾತು."

ಸೊಸೆ ಕೆಟ್ಟವಳಲ್ಲ. ಹೊಸರಿತ್ತಿಯ ಕಡೆಯವಳು, ಮೆಟ್ರಿಕ್ ಆಗಿದೆ, ಕೆಲಸದಲ್ಲಿ ಗಟ್ಟಿ. ಆದರೆ ಆ ಮಣೆ ಬಿಡುವ ಮನಸ್ಸು ನನಗೆ ಇರಲಿಲ್ಲ. ಒಳಗೆ ಆರಾಮಾಗಿ ಕೂತವರನ್ನು ನಾನು ನೋಡಿದ್ದೇನೆ. ಊಟ ಆಯಿತೇ ಎಂದು ಕೇಳುತ್ತಾರೆ, ಮತ್ತೇನೂ ಕೇಳುವುದಿಲ್ಲ. ಕಿವಿಗೆ ಮಷಿನು ಹಾಕಿಸಿಕೊಳ್ಳುತ್ತೇನೆ, ಆಮೇಲೆ ನೋಡು ಎಂದೆ. ಮಗ ಒಪ್ಪಿದ. "ಈ ಹಂಗಾಮದಾಗ ನೋಡೂಣು. ಹಿತ್ತಲದಾಗ ಕೆಲಸ ಕೆಟ್ರ ನಾ ಕೇಳಂಗಿಲ್ಲ" ಎಂದ. ಕೇಳುವುದಿಲ್ಲ ಎಂಬ ಮಾತನ್ನು ಆ ಮನೆಯಲ್ಲಿ ಆಗ ಎಲ್ಲರೂ ಆಡುತ್ತಿದ್ದರು.

ರಾಣೆಬೆನ್ನೂರಿಗೆ ವಾರಕ್ಕೊಮ್ಮೆ ಕಿವಿ ಡಾಕ್ಟರು ಬರುತ್ತಿದ್ದರು. ಮಗನೊಡನೆ ಬಸ್ಸು ಹತ್ತಿ ಹೋದೆ. ಡಾಕ್ಟರು ಸಣ್ಣ ವಯಸ್ಸಿನವರು. ಎದುರು ಕೂತು ಊರು ಯಾವುದು, ಮಕ್ಕಳೆಷ್ಟು, ಊಟ ಸೇರುತ್ತದೆಯೇ ಎಂದೆಲ್ಲ ಕೇಳಿದರು. ಪಟಪಟ ಹೇಳಿದೆ. ಮಗನ ಕಡೆ ತಿರುಗಿ, ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದೆ. ಆಮೇಲೆ ಆ ಡಾಕ್ಟರು ಒಂದು ಕಾಗದ ತೆಗೆದು ತಮ್ಮ ಬಾಯಿಗೆ ಅಡ್ಡ ಹಿಡಿದರು. ಕಾಗದ ಅಲ್ಲಾಡಿತು. ಅಷ್ಟೇ.

"ಯಾಕಪಾ, ನಿಮ್ಮಲ್ಲೂ ಕಾಯಿ ಘಾಟ ಐತೇನು?" ಎಂದೆ.

ಅವರು ಕಾಗದ ಕೆಳಗಿಟ್ಟು ನಗುತ್ತಲೇ ಚೀಟಿ ಬರೆದರು.

ಮಷಿನು ಎಂದರೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ. ಒಳಗೆ ಸೆಲ್ಲು. ಡಬ್ಬಿಯಿಂದ ಒಂದು ವೈರು, ವೈರಿನ ತುದಿಗೆ ಕಿವಿಯಲ್ಲಿ ತುರುಕುವ ಗುಂಡು. ಸಪ್ಪಳ ಹೆಚ್ಚು ಕಡಿಮೆ ಮಾಡಲು, ಬಂದ್ ಮಾಡಲು ಅಂಚಿಗೆ ಒಂದು ಬಟನ್ನು. ಡಬ್ಬಿಯನ್ನು ಎಲ್ಲಿಡಬೇಕು ಎಂದು ಕೇಳಿದೆ.

"ಎಲ್ಲಾರೂ ಅಂಗಿ ಕಿಸೇದಾಗ ಇಟ್ಕೋತಾರ್ರೀ ಅಮ್ಮಾರ."

"ನಾ ಅಂಗಿ ತೊಡಂಗಿಲ್ಲ. ಕುಬಸಕ್ಕ ಕಿಸೆ ಎಲ್ಲಿಂದ ತರ್ಲಿ?"

ಡಾಕ್ಟರು ನನ್ನ ಕುಬಸದ ಕಡೆ ನೋಡಲೂ ಆಗದೆ, ಮಗನ ಕಡೆ ನೋಡಿದರು. ಮಗ ಗೋಡೆ ನೋಡಿದ. "ಎಲ್ಲೆರ ಅನುಕೂಲ ಆದಲ್ಲಿ ಇಟ್ಕೋರಿ" ಎಂದು ಡಾಕ್ಟರು ಮಾತು ಮುಗಿಸಿದರು. ನನಗೆ ಕೊಟ್ಟ ತರಬೇತಿ ಅಷ್ಟು.

ಅನುಕೂಲ ಆದ ಜಾಗ ಎಂದರೆ ಸೊಂಟದ ಸಂಚಿ. ಎಲೆ ಅಡಿಕೆ, ಸುಣ್ಣದ ಡಬ್ಬಿ, ಅದರ ನಡುವೆ ಮಷಿನನ್ನೂ ಸೇರಿಸಿ ಬಸ್ಸು ಹತ್ತಿದೆ. ಬಸ್ಸು ಎಂಬುದು ಇಷ್ಟು ಒದರುವ ವಸ್ತು ಎಂದು ನಾನು ಮರೆತಿದ್ದೆ. ಕಿಟಕಿಯ ಗಾಜು, ಕಂಡಕ್ಟರನ ಸೀಟಿ, ಮುಂದಿನ ಸೀಟಿನ ಕೂಸು ಎಲ್ಲ ಒಟ್ಟಿಗೆ ನನ್ನ ತಲೆಯೊಳಗೆ ನುಗ್ಗಿದವು. ಅದರ ಮೇಲೆ ಸಂಚಿಯಲ್ಲಿ ಅಡಿಕೆಹೋಳು ಉರುಳಿದರೆ ಗುಡುಗು ಉರುಳಿದಂತೆ. ಮೋಟೆಬೆನ್ನೂರು ಬರುವಷ್ಟರಲ್ಲಿ ಗುಂಡು ಕಿತ್ತು ಕೈಯಲ್ಲಿ ಹಿಡಿದಿದ್ದೆ. ಮಗ ಏನೋ ಅಂದ. ಅವನ ತುಟಿಯನ್ನು ನಾನು ಬೇಕಂತಲೇ ನೋಡಲಿಲ್ಲ.

ಮನೆಯಲ್ಲಿ ಇನ್ನೊಂದು ಪಜೀತಿ. ಕಿವಿ ತಲೆಯಲ್ಲಿದೆ, ಮಾತು ಹಿಡಿಯುವ ಡಬ್ಬಿ ಸೊಂಟದಲ್ಲಿದೆ. ಯಾರು ಮಾತಾಡಿದರೂ ಅವರ ಕಡೆ ಸೊಂಟ ತಿರುಗಿಸಬೇಕು. ನಮ್ಮ ಯಜಮಾನರು ಪಡಸಾಲೆಯಲ್ಲಿ ಕೂತು ಇದನ್ನು ನೋಡಿದರು.

"ಮದುವ್ಯಾದ ಹೊಸದಾಗೂ ಇಷ್ಟು ಸ್ವಂಟಾ ತಿರುವಿದ್ದಿಲ್ಲಲ ನೀ" ಅಂದರು.

ಮೆಲ್ಲಗೆ, ತಮಗೆ ತಾವೇ ಅಂದುಕೊಂಡದ್ದು. ಆದರೆ ನನಗೆ ಕೇಳಿತು. ಮಷಿನಿನಲ್ಲಿ ನಾನು ಮನುಷ್ಯರಿಂದ ಸರಿಯಾಗಿ ಕೇಳಿದ ಮೊದಲ ಮಾತು ಅದು. ಆ ರಾತ್ರಿ ಊಟಕ್ಕೆ ಕರೆದಾಗ "ಬಂದ್ನೆಬೇ ಮಹಾರಾಣಿ" ಎಂದರು. ಪಲ್ಯ ಬಡಿಸಿದಾಗ "ಉಪ್ಪು ಅಂಗಡ್ಯಾಗ ಉಳದೈತೋ ಏನೋ" ಎಂದರು. ಪ್ರತಿಯೊಂದಕ್ಕೂ ಒಂದು ಜವಾಬು, ಮುಖ ಮಾತ್ರ ದೇವರ ಹಂಗೆ ಶಾಂತ.

"ಎಷ್ಟ್ ವರ್ಷದಿಂದ ನಡದೈತಿ ಇದು?" ಎಂದು ಕೇಳಿದೆ.

ರೊಟ್ಟಿ ಮುರಿಯುತ್ತಿದ್ದ ಅವರ ಕೈ ನಿಂತಿತು. "ಯಾವದು?"

"ಈ ಮಹಾರಾಣಿ."

ಅವರು ನನ್ನ ಕಿವಿ ನೋಡಿದರು, ವೈರು ಹಿಡಿದು ಕಣ್ಣಿಳಿಸುತ್ತ ಸೊಂಟದ ತನಕ ಬಂದರು. "ಖರೇನ ಕೇಳಸ್ತತೇನು ಅದರಾಗ?" ಎಂದು ಕೇಳಿದರು. ಮರುದಿನದಿಂದ ಊಟ ಮುಗಿಸಿ ಹೊರಗಿನ ಕಟ್ಟೆಗೆ ಹೋಗಿ ಕೂಡಲು ಸುರು ಮಾಡಿದರು. ಮನುಷ್ಯನಿಗೆ ಗೊಣಗಲು ಒಂದು ಜಾಗ ಬೇಕಲ್ಲ.

ನನಗೂ ಏನು ಸುಖವಿರಲಿಲ್ಲ. ಒಣಗಿ ಗಟ್ಟಿಯಾದ ಕಟಕ ರೊಟ್ಟಿ ಬಾಯಲ್ಲಿಟ್ಟರೆ ನನ್ನ ತಲೆಯ ಮೇಲೆ ಯಾರೋ ಹತ್ತಿ ಹೆಂಚು ಒಡೆದಂತೆ ಸಪ್ಪಳ. ಗುಂಡು ಸ್ವಲ್ಪ ಸಡಿಲಾದರೆ ಅದು ಸೀಟಿ ಹೊಡೆಯುತ್ತಿತ್ತು. ಅದು ನನಗೆ ಕೇಳದು, ಮಂದಿಗೆ ಕೇಳುವುದು. ಒಲೆಯ ಮುಂದಿನಿಂದ ಸೊಸೆ ಎದ್ದು ಬಂದು "ಅತ್ತೀ, ಕುಕ್ಕರ್ ಅಂತ ತಿಳಕೊಂಡ್ನಿ" ಎನ್ನುತ್ತಿದ್ದಳು. ಅವಳು ರೊಟ್ಟಿ ಬಡಿಯುವ ಸಪ್ಪಳದಲ್ಲೇ ಅವಳ ಸಿಟ್ಟು ಎಷ್ಟಿದೆ ಎಂದು ಗೊತ್ತಾಗತೊಡಗಿತು. ಗೊತ್ತಾಗಿ ಏನು ಮಾಡುವುದು, ರೊಟ್ಟಿ ಮಾತ್ರ ಸಿಟ್ಟಿನ ದಿನವೇ ತೆಳ್ಳಗೆ ಬರುತ್ತಿತ್ತು.

ನಾಲ್ಕು ದಿನಕ್ಕೆ ಸಂಚಿಯ ಸುಣ್ಣ ಮಷಿನಿಗೆ ಮೆತ್ತಿಕೊಂಡಿತು. ಆಗ ನನಗೆ ನೆರವಾದವಳು ಹಿಂದಿನ ಓಣಿಯ ಟೇಲರನ ಹೆಂಡತಿ. ಅವಳೇ ನಮ್ಮ ಹಿತ್ತಿಲಿನ ಹೆಂಗಸರನ್ನು ಕರೆದುಕೊಂಡು ಬರುವವಳು. ಮನೆಯಲ್ಲಿ ಉರ್ದು, ನಮ್ಮಲ್ಲಿ ಕನ್ನಡ, ಎರಡರಲ್ಲೂ ನಾಲಿಗೆ ಕತ್ತರಿಯ ಹಾಗೆ. ಅವಳು ಮಷಿನನ್ನು ತಿರುಗಿಸಿ ನೋಡಿ, "ಕುಬಸಕ್ಕ ಕಿಸೆ ಹಚ್ಚಿದ್ರ ದಿನಾ ಒಗಿಯೂದು ತ್ರಾಸ. ಕೊರಳಾಗ ಹಾಕ್ಕೊಳ್ಳಾಕ ಒಂದು ಚೀಲಾ ಹೊಲೀತೇನಿ, ತಡೀರಿ" ಎಂದಳು. ಇಳಕಲ್ ಸೀರೆಯ ತುಂಡಿನಲ್ಲಿ ಒಂದು ಪುಟ್ಟ ಚೀಲ ಹೊಲಿದು ದಾರ ಹಾಕಿ ತಂದಳು. ನನ್ನ ಕೊರಳಲ್ಲಿ ಮೊದಲೇ ಲಿಂಗದ ಕರಡಿಗೆ ಇತ್ತು, ಅದರ ಪಕ್ಕ ಇದೊಂದು. ಯಜಮಾನರು ನೋಡಿ ಏನೋ ಅನ್ನಲು ಬಾಯಿ ತೆರೆದು, ನೆನಪಾಗಿ, ಕಟ್ಟೆಗೆ ಹೋದರು. ಹೊರಗಿನಿಂದ "ಎರಡೆರಡು ಕರಡಿಗಿ" ಎಂಬುದಷ್ಟು ಕೇಳಿತು.

ಹೀಗೆ ಸಜ್ಜಾಗಿ ಮಣೆಯ ಮೇಲೆ ಕೂತೆ. ಮೊದಲ ದಿನ ನನಗೆ ಹಬ್ಬ. ಒಣ ಕಾಯಿ ಸುರುವಿದರೆ ಬೀಜ ಗಲಗಲ ಎನ್ನುವುದು, ತೊಟ್ಟು ಚಟ್ ಎಂದು ಮುರಿಯುವುದು, ಹೆಂಗಸರು ಸಾಲಾಗಿ ಸೀನುವುದು, ಎಲ್ಲ ಕೇಳಿತು. ಯಾರೋ ಮೂಲೆಯಲ್ಲಿ "ಈ ಮುದಿಕಿ ಇವತ್ತ ಭಾಳ ಖುಷ್ಯಾಗೈತಿ" ಅಂದಳು. ನಾನು ತಿರುಗಿ, "ಹೂಂನವ್ವ, ಮುದಿಕಿ ಖುಷ್ಯಾಗೇನ ಅದಾಳ. ನಿನ್ನ ರಾಶ್ಯಾಗ ತೊಟ್ಟು ಉಳದಾವು, ನೋಡ್ಕೊ" ಎಂದೆ. ಎಲ್ಲ ಕೈಗಳೂ ಒಮ್ಮೆಲೇ ನಿಂತವು.

ಆಮೇಲೆ ಹಿತ್ತಿಲಿಗೆ ಹಿತ್ತಿಲೇ ಸುಮ್ಮನಾಯಿತು. ಈ ಸಲ ಖರೆಯಾಗಿ ಸುಮ್ಮನಾಯಿತು.

ಇದು ಇಷ್ಟು ದೊಡ್ಡ ವಿಷಯ ಎಂದು ನನಗೆ ಮೊದಲು ತಿಳಿಯಲಿಲ್ಲ. ತೊಟ್ಟು ಮುರಿಯುವುದು ಬೇಸರದ ಕೆಲಸ, ಬೆರಳು ಉರಿಯುವ ಕೆಲಸ. ಅತ್ತೆಯನ್ನು, ಗಂಡನನ್ನು, ಕೂಲಿ ಕೊಡುವವರನ್ನು ಬೈಯುತ್ತ ಮಾಡಿದರೆ ಕೈ ತಾನಾಗಿ ಓಡುತ್ತದೆ. ಇಷ್ಟು ವರ್ಷ ಅವರಿಗೆ ನನ್ನಂಥ ಅನುಕೂಲದ ಯಜಮಾನತಿ ಬೇರೆ ಕಡೆ ಇರಲಿಲ್ಲ. ಎದುರಿಗೇ ಕೂತಿರುತ್ತಾಳೆ, ಎದುರಿಗೇ ಬೈಯಬಹುದು. ಈಗ ಆ ಸವಲತ್ತು ಹೋಯಿತು. ಮುಸಲ್ಮಾನರ ಹೆಂಗಸರು ಉರ್ದುವಿನಲ್ಲಿ ಮಾತಾಡಿ ನೋಡಿದರು. ಅವರು ನಕ್ಕಾಗ ಉಳಿದವರು "ಏನಂದ್ಲು, ಏನಂದ್ಲು" ಎಂದು ಕೇಳುವರು. ಅವರಿಗೆ ಮತ್ತೆ ಕನ್ನಡದಲ್ಲೇ ಹೇಳಬೇಕು, ಹೇಳಿದರೆ ನನಗೆ ಕೇಳುತ್ತದೆ. ಆ ಉಪಾಯ ಅರ್ಧ ದಿನ ನಡೆಯಿತು.

ಕೈಗಳು ನಿಧಾನವಾದವು. ಮಧ್ಯಾಹ್ನಕ್ಕೆ ಮುಗಿಯುವ ರಾಶಿ ಸಂಜೆಗೂ ಮುಗಿಯಲಿಲ್ಲ. ಒಬ್ಬಳಿಗೆ ಅಗಡಿ ಊರಿನಲ್ಲಿ ತಂಗಿಯ ಮನೆಯ ಕಾರ್ಯ ಬಂತು, ಇನ್ನೊಬ್ಬಳಿಗೆ ಸೊಂಟ ನೋವು ಬಂತು. ಸೊಂಟ ನೋವಿನವಳು ಮೂರು ಮನೆ ಆಚೆಯ ಹಿತ್ತಿಲಲ್ಲಿ ಕೂತು ತೊಟ್ಟು ಮುರಿಯುವುದನ್ನು ಯಜಮಾನರು ಕಟ್ಟೆಯಿಂದ ನೋಡಿ ಬಂದು ಹೇಳಿದರು. ವಾರ ಮುಗಿಯುವಷ್ಟರಲ್ಲಿ ಅರ್ಧ ಜನ ಇಲ್ಲ, ಚೀಲಗಳು ಗೋಡೆಯೆತ್ತರ.

ಮಗ ಬಂದು ನೋಡಿದ. "ಅವ್ವಾ, ಸೋಮವಾರದಿಂದ ನಿನ್ನ ಸೊಸಿ ಕುಂದ್ರತಾಳ" ಎಂದ. ಮೆಲ್ಲಗೇ ಹೇಳಿದ, ಈಗ ಮೆಲ್ಲಗೆ ಹೇಳಿದರೂ ಸಾಕಿತ್ತು.

ಕಿವಿ ಕೇಳದೆ ಮಣೆ ಹೋಗುತ್ತದೆ ಎಂದು ಮಷಿನು ತಂದೆ. ಈಗ ಕಿವಿ ಕೇಳಿ ಮಣೆ ಹೋಗುತ್ತಿತ್ತು. ಆ ಡಬ್ಬಿಯನ್ನು ಒನಕೆಯಲ್ಲಿ ಕುಟ್ಟಿಬಿಡುವಷ್ಟು ಸಿಟ್ಟು ಬಂತು. ಮರುದಿನ ಶನಿವಾರ, ಉಳಿದವರು ಚಹಾ ಕುಡಿಯುವಾಗ ಟೇಲರನ ಹೆಂಡತಿಯನ್ನು ಹತ್ತಿರ ಕರೆದು ಕೇಳಿದೆ.

"ಏನ್ ಮಾಡ್ಬೇಕು ಹೇಳ ತಂಗಿ. ಮಂದಿ ಹೊಳ್ಳಿ ಬರ್ಬೇಕು."

ಅವಳು ಚಹಾದ ಬಸಿ ಕೆಳಗಿಟ್ಟಳು. "ಸಿಟ್ಟಾಗಬ್ಯಾಡ್ರಿ ಅವ್ವಾರ. ಚಾ ಕುಡದ ಮ್ಯಾಲ ದಿನಾ ಒಂದಿಷ್ಟು ಹೊತ್ತು ಆ ಮಷಿನ್ ಬಂದ್ ಮಾಡ್ರಿ. ನಮಗ ನಿಮ್ಮನ್ನ ಬೈಯೂದೈತಿ."

"ಏನಂತ ಬೈತೀರಿ?"

"ಅದನ್ನ ನಿಮಗ ಹೇಳಾಕ ಬರ್ತಿದ್ರ ಬಂದ್ ಮಾಡ್ರಿ ಅಂತಿದ್ನೇನ್ರಿ?"

ಮಾತು ಸರಿಯಾಗಿಯೇ ಇತ್ತು. ಎಲ್ಲರಿಗೂ ಕಾಣುವಂತೆ ಚೀಲದಿಂದ ಡಬ್ಬಿ ತೆಗೆದು, ಬಟನ್ನು ತಿರುವಿ, ಮತ್ತೆ ಒಳಗಿಟ್ಟು ಸೆರಗು ಹೊದ್ದುಕೊಂಡೆ. ಪೂರಾ ತಿರುವಲಿಲ್ಲ. ತಮ್ಮನ್ನು ಬೈಯುವುದನ್ನು ಕೇಳುವ ಅವಕಾಶ ಯಾರಾದರೂ ಬಿಟ್ಟುಕೊಡುತ್ತಾರೆಯೇ?

ಸ್ವಲ್ಪ ಹೊತ್ತು ಯಾರೂ ನಂಬಲಿಲ್ಲ. ಒಬ್ಬಳು ಪರೀಕ್ಷೆ ಮಾಡಲು "ಅವ್ವಾರ, ಹಿಂದ ಎಮ್ಮಿ" ಎಂದಳು. ಬೆನ್ನು ಚುಮುಚುಮು ಎಂದಿತು, ತಿರುಗಲಿಲ್ಲ. ಅಷ್ಟಕ್ಕೆ ಅವರಿಗೆ ಧೈರ್ಯ ಬಂತು. ಮೊದಲು ಚಹಾ ಬಂತು ಬಾಯಿಗೆ: ಈ ಮನೆಯ ಚಹಾದಲ್ಲಿ ಬಸಿಯ ತಳದ ಹೂವು ಕಾಣುತ್ತದಂತೆ. ಆಮೇಲೆ ನನ್ನ ಮಗ, ಅವನ ಹೊಟ್ಟೆ. ಕೈಗಳು ಓಡತೊಡಗಿದವು, ತೊಟ್ಟು ಚಟಚಟ ಬಿದ್ದವು. ಕೊನೆಗೆ ನನ್ನ ಪಾಳಿ ಬಂತು. ಟೇಲರನ ಹೆಂಡತಿ ಒಂದು ಕಾಯಿ ಎತ್ತಿ ಬಿಸಿಲಿಗೆ ಹಿಡಿದಳು, ನನ್ನ ಹಾಗೇ ಒಂದು ಕಣ್ಣು ಸಣ್ಣ ಮಾಡಿದಳು.

"ಕನ್ಯಾ ನೋಡಾಕ ಬಂದ ಬೀಗತಿ ಹಂಗ ನೋಡ್ತಾರವ್ವ ಒಂದೊಂದ ಕಾಯಿ. ಬಣ್ಣ ಚಲೋ ಐತಿ, ಮೂಗು ಉದ್ದ ಐತಿ, ನಡು ಸ್ವಲ್ಪ ವಾಂಕ ಐತಿ, ಇರ್ಲಿ. ಅಡಗಿ ಬರ್ತೈತೇನವ್ವ ಅಂತ ಕೇಳೂದೊಂದ ಬಾಕಿ."

ನಾನು ನಕ್ಕುಬಿಟ್ಟೆ. ತಡೆಯಲು ನೋಡಿದೆ, ಮೂಗಿನಿಂದ ಬಂತು, ಗುಂಡು ಸಡಿಲಾಗಿ ಮಷಿನು ಸೀಟಿಯನ್ನೂ ಹೊಡೆಯಿತಂತೆ.

ಟೇಲರನ ಹೆಂಡತಿ ಕೈಯಲ್ಲಿ ಕಾಯಿ ಹಿಡಿದಂತೆಯೇ ಬಾಯಿಯ ಸೆರಗು ಕೆಳಗೆ ಸರಿಸಿದಳು.

"ಬಂದ್ ಮಾಡೇನಿ ಅಂದ್ರಿ."

"ಮಾಡೇನಿ. ಅರ್ಧ."

"ಯಾವ ಅರ್ಧ ಕೇಳಿಸ್ತು?"

"ಬೈದಿದ್ದಷ್ಟು."

ಅವಳ ಕೈಯ ಕಾಯಿ ಇಸಿದುಕೊಂಡು ತಿರುಗಿಸಿ ನೋಡಿದೆ. "ಅಡಗಿ ಬರ್ತೈತಿ ಇದಕ್ಕ. ನಡು ಮಾತ್ರ ನೀ ಹೇಳಿದಂಗ ವಾಂಕ" ಎಂದೆ. ಮೂಲೆಯಲ್ಲಿ ಒಬ್ಬಳು ಕಿಸಕ್ಕೆಂದಳು, ಆಮೇಲೆ ಎಲ್ಲರೂ ನಕ್ಕರು, ನಗುತ್ತ ಸೀನಿದರು, ಸೀನುತ್ತ ನಕ್ಕರು. ಚಹಾದ ಮಾತು ಖರೆ, ನಾಳೆಯಿಂದ ಪುಡಿ ಹೆಚ್ಚು ಹಾಕಿಸುತ್ತೇನೆ ಎಂದು ಹೇಳಿದೆ. ಮಗನ ಹೊಟ್ಟೆಗೆ ನಾನೇನೂ ಮಾಡಲಾರೆ ಎಂದೂ ಹೇಳಿದೆ. ಬೈಯುವುದಿದ್ದರೆ ಬೈಯಿರಿ, ನನಗೂ ಜವಾಬು ಕೊಡಲು ಬರುತ್ತದೆ ಎಂದೆ. ಚಹಾ ಆದ ಮೇಲೆ ದಿನಾ ಬಟನ್ನು ಅರ್ಧ ಇಳಿಸುತ್ತೇನೆ ಎಂದೂ ಒಪ್ಪಿಕೊಂಡೆ. ಆ ಸಂಜೆ ಕತ್ತಲಾಗುವ ಮೊದಲೇ ರಾಶಿ ಮುಗಿಯಿತು. ಸುದ್ದಿ ಓಣಿಯಲ್ಲಿ ಹೇಗೆ ಹೋಯಿತೋ, ಸೋಮವಾರ ಸೊಂಟ ನೋವಿನವಳು ನೆಟ್ಟಗೆ ನಡೆದು ಬಂದಳು.

ಮಗನೂ ಬಂದ, ಅವನ ಹಿಂದೆ ಸೊಸೆ. ಹಿತ್ತಿಲು ತುಂಬಿದ್ದು ನೋಡಿ ಅವನಿಗೆ ಗೊಂದಲವಾಯಿತು. ಆದರೂ ಬಂದ ಕೆಲಸ ಬಿಡುವವನಲ್ಲ. ಹೆಂಗಸರನ್ನೇ ಕೇಳಿದ. "ಇನ್ನ ಮ್ಯಾಲ ಇಲ್ಲೆ ಅವ್ವ ಕುಂದ್ರೂದೋ, ಇಕಿ ಕುಂದ್ರೂದೋ? ನೀವ ಹೇಳ್ರಿ. ಕೆಲಸ ಮಾಡಾವ್ರು ನೀವು."

ನನ್ನ ಎದೆ ಒಂದು ಬಡಿತ ಬಿಟ್ಟಿತೆಂದು ಹೇಳಿದರೆ ತಪ್ಪಲ್ಲ. ಮಷಿನಿನಲ್ಲಿ ಅದೂ ಕೇಳುತ್ತದೆ, ಡಬ್ಬಿ ಎದೆಯ ಮೇಲೆಯೇ ಇತ್ತಲ್ಲ.

ನಾನು ರಾಣೆಬೆನ್ನೂರಿಗೆ ಹೋದ ದಿನ ಸೊಸೆ ಒಂದು ದಿನ ಮಣೆಯ ಮೇಲೆ ಕೂತಿದ್ದಳು. ಅವಳ ಕಿವಿ ಬಲು ಚುರುಕು. ಸೆರಗಿನೊಳಗೆ ಯಾರು ಏನು ಅಂದರೂ ಅಲ್ಲಿಂದಲ್ಲಿಗೇ ಉತ್ತರ ಕೊಟ್ಟಿದ್ದಳಂತೆ, ನಗದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಟೇಲರನ ಹೆಂಡತಿಯೇ ಬಾಯಿ ತೆರೆದಳು.

"ಅಣ್ಣಾರ, ನಿಮ್ಮ ಮನಿಯವರು ಭಾಳ ಶಾಣ್ಯಾರ್ರಿ, ಅವ್ರ ಬಗ್ಗಿ ಏನೂ ಇಲ್ಲ. ಆದ್ರ ಅವ್ರ ಕಿವಿಗೆ ಬಟನ್ ಇಲ್ರಿ. ಅವ್ವಾರೇ ಇರ್ಲಿ."

ಮಗ ನನ್ನ ಕಡೆ ನೋಡಿದ, ಇದೇನು ಎಂಬಂತೆ. ಸೊಸೆ ಒಂದು ಕ್ಷಣ ತುಟಿ ಬಿಗಿದುಕೊಂಡು ನಿಂತಳು. ಆಮೇಲೆ ಅವಳಿಗೂ ನಗು ಬಂತು, ನನಗೆ ಅವಳ ನಗು ಅಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲು. ಗಡಸು ನಗು, ಗಂಡಸರ ಹಂಗೆ. "ನನಗೇನ್ ಸೀನ್ಕೊಂತ ಕುಂದ್ರೂ ಆಶಾ ಇಲ್ರಿ" ಎಂದು ಒಳಗೆ ಹೋದಳು. ಮಗ ಚೀಲ ಎಣಿಸುವವನಂತೆ ಗೋಡೆಯ ಕಡೆ ಹೋಗಿ ನಿಂತ.

"ಅಲ್ಲೇನ್ ನಿಂತಿ? ಒಂದ್ ಚೀಲಾ ಇಳಿಸಿ ಇಲ್ಲೆ ಸುರುವು" ಎಂದೆ. ಅವನು ಸುರುವಿದ. ಚಹಾ ಇನ್ನೂ ಆಗಿರಲಿಲ್ಲ, ಅದಕ್ಕೇ ಮಷಿನನ್ನು ಪೂರಾ ಏರಿಸಿಕೊಂಡು ಕೂತೆ.